ಗೋಡೆಗೆ ಬರೆದ ಒಂದು ಸಾಲು

ಹೋದ ವಾರ ಶಿಕಾರಿಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರಿಗೋ ಕಪ್ಪು ಪೇಂಟಿನ ಡಬ್ಬಿ ತೆರೆದು ತೋರಿಸುತ್ತಿದ್ದರು. ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ನರ್ಸಮ್ಮ ಎದುರು ನಿಂತಂತಾಯಿತು...

ತೊಂಬತ್ತರ ದಶಕದಲ್ಲಿ ನಾನು ಸೊರಬದ ಕಡೆಯ ಒಂದು ಹಳ್ಳಿ ಆಸ್ಪತ್ರೆಯಲ್ಲಿ ಕಾಂಪೌಂಡರ್. ಮನಸ್ಸಿನ ಕಾಯಿಲೆಯವರನ್ನು ನೋಡಲು ತಿಂಗಳಿಗೊಮ್ಮೆ ಜೀಪಿನಲ್ಲಿ ಬರುತ್ತಿದ್ದ ಡಾಕ್ಟರು ಒಂದು ವರ್ಷಕ್ಕೇ ನಿಲ್ಲಿಸಿದರು. ನರ್ಸಮ್ಮ ನಿಲ್ಲಿಸಲಿಲ್ಲ. ನಮ್ಮ ಆಸ್ಪತ್ರೆಯ ಡಾಕ್ಟರಿಂದ ಚೀಟಿ ಬರೆಸಿಕೊಂಡು, ತಾವೇ ಬಸ್ಸು ಹತ್ತಿ ಔಷಧಿ ತರುತ್ತಿದ್ದರು. ಆ ರೋಗಿಗಳಿಗೆ ತಿಂಗಳಿಗೊಮ್ಮೆ ಹಾಕುವ ಸೂಜಿಗೆ ಅವರಿಟ್ಟ ಹೆಸರು 'ನರದ ಸೂಜಿ'. ಜ್ವರದವರು, ಬಸುರಿಯರು, ಈ ಸೂಜಿಯವರು, ಎಲ್ಲರಿಗೂ ಒಂದೇ ಬೆಂಚು. ಯಾರು ಯಾವುದಕ್ಕೆ ಬಂದವರೆಂದು ಗೊತ್ತಾಗುತ್ತಿರಲಿಲ್ಲ.

ನನಗೋ ನನ್ನ ದುಂಡಕ್ಷರದ ಜಂಬ. ಒಂದು ಭಾನುವಾರ ಕೂತು ಕಪ್ಪು ಪೇಂಟಿನಲ್ಲಿ ವರಾಂಡದ ಗೋಡೆಗೆ 'ಮಾನಸಿಕ ರೋಗಿಗಳು ಇಲ್ಲಿ ಕೂರುವುದು' ಎಂದು ಬರೆದು, ಕೆಳಗೆ ಬೇರೆ ಬೆಂಚು ಹಾಕಿದೆ. ನಮ್ಮ ಡಾಕ್ಟರು ಭೇಷ್ ಅಂದರು. ನರ್ಸಮ್ಮ ಅಳಿಸಿ ಅಂದರು. ಎಲ್ಲದಕ್ಕೂ ಒಂದು ಶಿಸ್ತು ಬೇಡವೇ ಎಂದು ನಾನು ಭಾಷಣ ಬಿಗಿದೆ.

ಕುಪ್ಪಗಡ್ಡೆ ಕಡೆಯ ಒಬ್ಬ ಹೆಣ್ಣುಮಗಳು ಮೂರು ವರ್ಷದಿಂದ ಸೂಜಿಗೆ ಬರುತ್ತಿದ್ದಳು. ಸೊಂಟನೋವಿಗೆಂದು ಗಂಡನ ಮನೆಯವರು ನಂಬಿದ್ದರು. ಆ ತಿಂಗಳು ಅವಳನ್ನು ನಾನೇ ಕೈ ತೋರಿಸಿ ಹೊಸ ಬೆಂಚಿಗೆ ಕಳಿಸಿದೆ. ಮಗುವಿಗೆ ಲಸಿಕೆ ಹಾಕಿಸಲು ಬಂದಿದ್ದ ಅವಳ ನಾದಿನಿ ಗೋಡೆ ಓದಿದಳು.

ಮುಂದಿನ ತಿಂಗಳು ಅವಳು ಬರಲಿಲ್ಲ. ನರ್ಸಮ್ಮ ವಿಚಾರಿಸಿಕೊಂಡು ಹೋದರೆ, ಗಂಡ ತವರಿಗೆ ಬಿಟ್ಟುಬಂದಿದ್ದ; ತವರಿನಲ್ಲಿ ಅಣ್ಣ ಅವಳನ್ನು ಹಿತ್ತಲ ಕೋಣೆಗೆ ದೂಡಿ ಚಿಲಕ ಹಾಕಿದ್ದ. ಅವನ ಮಾತನ್ನು ನರ್ಸಮ್ಮ ನನ್ನೆದುರು ಹಾಗೇ ಒಪ್ಪಿಸಿದರು.

"'ಗಂಡನ ಮನೇಲಿ ಬಾಳ್ಲಿ ಅಂತ ಸೂಜಿ ಹಾಕಿಸ್ತಿದ್ವಿ. ಈಗ ಊರಿಗೇ ಗೊತ್ತಾತಲ್ರೀ, ಇನ್ನು ಯಾತಕ್ಕೆ' ಅಂದ."

ಆಮೇಲೆ ಅವರು ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ನಾನು ಗೋಡೆಗೆ ಸುಣ್ಣ ಬಳಿದೆ. ನರ್ಸಮ್ಮ ತಿಂಗಳು ತಿಂಗಳು ಆ ಮನೆಯ ಬಾಗಿಲಿಗೆ ಹೋಗಿ, ಸೂಜಿ ಹಾಗೇ ವಾಪಸ್ ತರುತ್ತಿದ್ದರು. ಉಳಿದವರೂ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಎರಡನೇ ಮಳೆಗಾಲಕ್ಕೆ ಆ ಹೆಣ್ಣುಮಗಳು ಕೋಣೆಯಲ್ಲೇ ತೀರಿಕೊಂಡಳು... ಕೊಂದವನು ನಾನೇ ಎಂದು ಈಗ ಹೇಳಬಲ್ಲೆ, ಆಗ ಬಾಯಿ ಬರಲಿಲ್ಲ.

ಅಂಗಡಿಯಿಂದ ಬಂದ ಮೇಲೆ ತಡೆಯಲಾಗದೆ ನರ್ಸಮ್ಮನ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಹೋಗಿ ಆರು ತಿಂಗಳಾಗಿತ್ತು. ಎಂಟು ವರ್ಷ ಒಟ್ಟಿಗಿದ್ದ ಕಾಂಪೌಂಡರ್ ನಾನು ಎಂದೆ. ಅವರ ಮಗಳು ನೀರು ಕೊಟ್ಟು, ತುಸು ಯೋಚಿಸಿದಳು.

"ಆ ಆಸ್ಪತ್ರೆ ಸುದ್ದಿ ಅಮ್ಮ ದಿನಾ ಹೇಳೋರು. ಆಯಾ, ಡಾಕ್ಟ್ರು, ಕಾವಲಿನವ್ರು ಎಲ್ಲಾ ಗೊತ್ತು. ಕಾಂಪೌಂಡರ್ ಒಬ್ರಿದ್ರು ಅಂತ ಹೇಳ್ಲೇ ಇಲ್ವಲ್ರೀ."

ಬೈಯಲಿಕ್ಕಾದರೂ ನೆನೆದಿರುತ್ತಾರೆ ಅಂದುಕೊಂಡಿದ್ದೆ.