ಟಿವಿ ಚರ್ಚೆ ಮುಗಿಯಲಿಲ್ಲ, ಲಲಿತಕ್ಕ ಹೋದರು

ಗೆಳೆಯರೇ, ಪಂಚಾಯ್ತಿ ಚುನಾವಣೆಗೆ ನಿಂತಿರುವ ಲಲಿತಕ್ಕ ಇವತ್ತು ಸಂಜೆ ನಮ್ಮ ಮನೆಗೆ ಬಂದಿದ್ದರು. ಅಪ್ಪ ಟಿವಿಯಲ್ಲಿ ಚುನಾವಣೆ ಚರ್ಚೆ ನೋಡುತ್ತಿದ್ದರು. "ಕೂತ್ಕೊ ಮಾರಾಯ್ತಿ, ಇದೊಂದು ಮುಗೀಲಿ" ಎಂದರು.

ನಾನು ನೀರು, ಬೆಲ್ಲ ತಂದಿಟ್ಟೆ. ಹಳ್ಳ ದಾಟುವ ಕಾಲುಸಂಕ ಮುರಿದಿರುವುದರಿಂದ ನನ್ನ ತಂಗಿ ಎರಡು ಮೈಲಿ ಸುತ್ತಿ ಶಾಲೆಗೆ ಹೋಗುತ್ತಾಳೆ. ಅದನ್ನು ಲಲಿತಕ್ಕನಿಗೆ ಹೇಳಬೇಕೆಂದು ವಾರದಿಂದ ಕಾದಿದ್ದೆ. ಟಿವಿಯಲ್ಲಿ ನಾಲ್ಕು ಜನ ಒಟ್ಟಿಗೆ ಕೂಗುತ್ತಿದ್ದರು. ಸೌಂಡ್ ಕಡಿಮೆ ಮಾಡಿ ಎನ್ನಲು ನನಗೆ ಸಂಕೋಚ.

ಅವರಲ್ಲೊಬ್ಬ "ಹಳ್ಳಿಯವರ ಕಷ್ಟ ಕೇಳುವವರೇ ಇಲ್ಲ!" ಎಂದು ಮೇಜು ಗುದ್ದಿದ.

"ನೋಡು, ಹಿಂಗೆ ಮಾತಾಡ್ಬೇಕು. ಇಷ್ಟು ಮೆತ್ತಗಿದ್ರೆ ನಿಂಗೆ ಯಾರು ಓಟ್ ಹಾಕ್ತಾರೆ?" ಎಂದು ಅಪ್ಪ ಮತ್ತೆ ಟಿವಿಗೆ ತಿರುಗಿದರು.

"ನಂಗೆ ಕೂಗಕ್ಕೆ ಬರಲ್ಲ ಅಣ್ಣ. ನಿಮ್ಗೆ ಎಂತ ತೊಂದ್ರೆ ಅಂತ ಬರ್ಕೊಂಡು ಹೋಗಾಣ ಅಂತ ಬಂದಿದ್ದೆ" ಎಂದರು ಲಲಿತಕ್ಕ. ಇನ್ನೂ ಸ್ವಲ್ಪ ಹೊತ್ತು ಕಾದು, ಕೈಯಲ್ಲಿದ್ದ ಪುಸ್ತಕ ಮಡಚಿ ಎದ್ದರು. ನಾನು ಗೇಟಿನವರೆಗೂ ಹಿಂದೆ ಹೋದೆ. ಅಲ್ಲೂ ಕಾಲುಸಂಕದ ವಿಷಯ ಎತ್ತಲಾಗಲಿಲ್ಲ.

ವಾಪಸು ಬಂದಾಗ ಜಾಹೀರಾತು ಬರುತ್ತಿತ್ತು. "ಹೋದ್ಲಾ? ಈ ಓಟ್ ಕೇಳೋರಿಗೆ ಎರಡು ನಿಮಿಷ ಕೂತು ಮಾತಾಡಕ್ಕೂ ಪುರುಸೊತ್ತಿಲ್ಲ!" ಎಂದರು ಅಪ್ಪ.

ಅಪ್ಪ ಫೇಸ್‌ಬುಕ್ ನೋಡುವುದಿಲ್ಲ, ಅದಕ್ಕೇ ಧೈರ್ಯವಾಗಿ ಇಲ್ಲಿ ಬರೆಯುತ್ತಿದ್ದೇನೆ.