ನೈರುತ್ಯ ಮೂಲೆಯ ಕುದುರೆಗಳು

ಮಕ್ಕಳಿಲ್ಲದೆ ಮಕ್ಕಳ ಪಾರ್ಕಿಗೆ ಹೋಗುವ ಹೆಂಗಸನ್ನು ಗೇಟಿನವನು ಹೇಗೆ ನೋಡುತ್ತಾನೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಮೊದಲು ನನ್ನ ಹಿಂದೆ ಯಾರಾದರೂ ಓಡಿ ಬರುತ್ತಿದ್ದಾರೆಯೇ ಎಂದು ನೋಡುತ್ತಾನೆ. ಯಾರೂ ಬರದಿದ್ದಾಗ ನನ್ನ ಕೈಚೀಲ ನೋಡುತ್ತಾನೆ. ಆಮೇಲೆ ಅನುಮಾನ ಬಿಟ್ಟು ಕನಿಕರಕ್ಕೆ ಇಳಿಯುತ್ತಾನೆ. ಅನುಮಾನವನ್ನಾದರೂ ಸಹಿಸಿಕೊಳ್ಳಬಹುದು, ಈ ವಯಸ್ಸಿನಲ್ಲಿ ಕನಿಕರವನ್ನು ಸಹಿಸುವುದು ಕಷ್ಟ. ಆದರೂ ಕಳೆದ ವರ್ಷ ಹೆಚ್ಚುಕಮ್ಮಿ ಪ್ರತಿ ಭಾನುವಾರವೂ ನಾನು ಮುಳಬಾಗಿಲಿನಿಂದ ಬಸ್ಸು ಹತ್ತಿ, ದೇವರಾಯಸಮುದ್ರದ ಹತ್ತಿರ ಹೆದ್ದಾರಿ ಪಕ್ಕದಲ್ಲಿರುವ ಒಂದು ಪಾರ್ಕಿಗೆ ಹೋಗುತ್ತಿದ್ದೆ. ಅಲ್ಲಿ ನನ್ನ ತಮ್ಮ ಸೀನನ ಕುದುರೆಗಳಿದ್ದವು.

ಕುದುರೆಗಳೆಂದರೆ ಹುಲ್ಲು ತಿನ್ನುವಂಥವಲ್ಲ. ನಡುವೆ ಕಬ್ಬಿಣದ ಕಂಬ, ಅದಕ್ಕೆ ಛತ್ರಿಯ ಕಡ್ಡಿಗಳ ಹಾಗೆ ತೋಳುಗಳು, ತೋಳಿಗೊಂದು ಬಣ್ಣದ ಕುದುರೆ. ಕೈಯಿಂದ ತಳ್ಳಿದರೆ ಸುತ್ತುತ್ತದೆ. ಕರೆಂಟಿಲ್ಲ, ಹಾಡಿಲ್ಲ, ಮಿಣುಕುವ ದೀಪವಿಲ್ಲ. ಇದನ್ನು ಸೀನ ಕೊಂಡದ್ದು ಹೇಗೆ ಎಂದು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಅವನು ಮಾಲೂರಿನ ಕಡೆ ಒಂದು ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿಯಾಗಿದ್ದ. ಹೆಂಡತಿ ಲಲಿತ ತೀರಿಹೋದ ಮೇಲೆ ಕೆಲಸ ಬಿಟ್ಟು ನನ್ನ ಮನೆಗೆ ಬಂದು, ನಡುಮನೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ. ಊಟಕ್ಕೆ ಕರೆದರೆ ಬರುತ್ತಿದ್ದ, ಕರೆಯದಿದ್ದರೆ ಇಲ್ಲ. ಅವರಿಗೆ ಮಕ್ಕಳಿರಲಿಲ್ಲ. ಮದುವೆ, ಮಕ್ಕಳು ಎರಡೂ ನನ್ನನ್ನು ಬೈಪಾಸ್ ಮಾಡಿಕೊಂಡು ಹೋದದ್ದರಿಂದ ಅವನನ್ನು ಎಬ್ಬಿಸಲು ಮನೆಯಲ್ಲಿ ಒಂದು ಮಗುವಿನ ಗಲಾಟೆಯೂ ಇರಲಿಲ್ಲ. ಹೀಗೆ ಎಷ್ಟೋ ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಗೋಡೆಯಿಂದ ತಿರುಗಿ, "ಅಕ್ಕ, ಯಾರೋ ಕುದುರೆ ಮಾರ್ತಾವ್ರಂತೆ. ತಗೊಳ್ಳೋಣ ಅಂತಿದೀನಿ" ಎಂದ. ಅವನಾಗಿಯೇ ಬಾಯಿ ತೆರೆದು ಆಡಿದ ಮೊದಲ ಮಾತು ಅದು. ಅವನು ಆನೆ ಎಂದಿದ್ದರೂ ನಾನು ಹೂಂ ಅನ್ನುತ್ತಿದ್ದೆ.

ಹಾಗಾಗಿ ಆ ಕುದುರೆಗಳು ತಿರುಗುತ್ತಿದ್ದರೆ ನನ್ನ ತಮ್ಮ ಎದ್ದು ಓಡಾಡುತ್ತಾನೆ, ಅವು ನಿಂತರೆ ಅವನು ಮತ್ತೆ ಮಂಚ ಹಿಡಿಯುತ್ತಾನೆ ಎಂಬುದು ನನ್ನ ಲೆಕ್ಕಾಚಾರ. ಇಂಥ ಲೆಕ್ಕಾಚಾರವನ್ನು ತಲೆಯಲ್ಲಿಟ್ಟುಕೊಂಡವಳು ಪಾರ್ಕಿನಲ್ಲಿ ಕೂತರೆ ಅವಳಿಗೆ ಮೋಜು ಎಲ್ಲಿಂದ ಬರಬೇಕು? ಬೇರೆಯವರ ಮಕ್ಕಳು ಯಾವ ಕಡೆ ಓಡುತ್ತಾರೆ ಎಂದು ನಾನು ಚುನಾವಣೆಯ ಏಜೆಂಟಿನ ಹಾಗೆ ಕಾಯುತ್ತಿದ್ದೆ. ಅವು ಒಂದೂ ನಮ್ಮ ಕಡೆ ಓಡುತ್ತಿರಲಿಲ್ಲ.

ಕಾರಣ ಜಾಗ. ಪಾರ್ಕಿನ ಯಜಮಾನರು ರಾಮಕೃಷ್ಣಪ್ಪ ಎಂಬವರು. ಟೊಮೆಟೊ ಬೆಳೆಯುತ್ತಿದ್ದ ಹೊಲವನ್ನು ಸಮ ಮಾಡಿಸಿ ಪಾರ್ಕು ಮಾಡಿದವರು, ಕೆಟ್ಟವರಲ್ಲ. ಆದರೆ ವಾಸ್ತು ಕೇಳದೆ ಅವರು ಒಂದು ಗೂಟವನ್ನೂ ಹೊಡೆಯುವವರಲ್ಲ. ಮನೆಗೆ ವಾಸ್ತು ನೋಡುವುದು ಸರಿ, ಅಂಗಡಿಗೆ ನೋಡುವುದೂ ಸರಿ. ಜಾರುಬಂಡೆ ಯಾವ ದಿಕ್ಕಿಗೆ ಜಾರಬೇಕು ಎಂದು ನೋಡಿಸಿದವರು ನಮ್ಮ ಸೀಮೆಯಲ್ಲಿ ಇವರೊಬ್ಬರೇ ಇರಬೇಕು. ಭಾರವಾದದ್ದು ನೈರುತ್ಯಕ್ಕೆ ಎಂದು ಶಾಸ್ತ್ರ. ಸೀನನ ಕಂಬವೋ ಮನೆಯ ತೊಲೆಯಷ್ಟು ದಪ್ಪ. ಅದು ನೈರುತ್ಯ ಮೂಲೆಗೆ ಹೋಯಿತು. ಅಲ್ಲಿಗೆ ಹೋಗಬೇಕಾದರೆ ಶೌಚಾಲಯ ದಾಟಬೇಕು, ನೀರಿನ ಟ್ಯಾಂಕು ದಾಟಬೇಕು, ಮಕ್ಕಳು ಏರಿಳಿಯುವ ಸೀಸಾ ಹಲಗೆಗಳನ್ನು ಮುರಿದ ಮೇಲೆ ಗುಡ್ಡೆ ಹಾಕಿದ ಕಡೆ ಕಾಲು ಎತ್ತಿಡಬೇಕು. ಕುದುರೆಗಳು ಪ್ರದಕ್ಷಿಣೆಯಾಗಿಯೇ ತಿರುಗಬೇಕು ಎಂಬ ಅಪ್ಪಣೆಯೂ ಆಯಿತು. ಜನರಿಲ್ಲದೆ ನಿಂತ ಕುದುರೆಗೆ ಪ್ರದಕ್ಷಿಣೆಯೇನು, ಅಪ್ರದಕ್ಷಿಣೆಯೇನು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವಳು. ಪಟ್ಟಣಗಳು ಎಲ್ಲಿ ಬೆಳೆಯುತ್ತವೆ ಎಂಬ ಪ್ರಶ್ನೆಗೆ ನದಿ ದಡದಲ್ಲಿ, ಸಮುದ್ರ ತೀರದಲ್ಲಿ, ಸಾರಿಗೆ ಮಾರ್ಗಗಳು ಕೂಡುವಲ್ಲಿ ಎಂದು ಮಕ್ಕಳಿಂದ ಬರೆಸಿದ್ದೇನೆ. ಬರೆಸುವಾಗಲೇ ನನಗೆ ಸಂಕೋಚವಾಗುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ತುಂಬಿ ಹರಿಯುವ ನದಿಯೆಲ್ಲಿದೆ? ಒಂದು ಕೆರೆ ಕಟ್ಟಿ ಅದಕ್ಕೇ ಸಮುದ್ರ ಎಂದು ಹೆಸರಿಟ್ಟು ಸಮಾಧಾನ ಮಾಡಿಕೊಂಡ ಜನ ನಾವು. ಮಾಲೂರಿಗೆ ರೈಲು ಬಂತು, ಇಟ್ಟಿಗೆಯ ಮಣ್ಣು ಸಿಕ್ಕಿತು, ಅದು ಮೇಲೆದ್ದಿತು. ಶ್ರೀನಿವಾಸಪುರಕ್ಕೆ ಮಾವು ಒಲಿಯಿತು. ನಮ್ಮ ಮುಳಬಾಗಿಲಿಗೆ ದಾರಿಯೇ ದೇವರು. ಆ ದೇವರೂ ಒಂದು ದಿನ ಬೈಪಾಸ್ ಆಗಿ ಊರಾಚೆ ಹೋಯಿತು. ಹಳೇ ರಸ್ತೆಯಲ್ಲಿ ಒಂದು ಹೋಟೆಲಿತ್ತು, ಬಸ್ಸು ನಿಂತರೆ ಸಾಕು ದೋಸೆಗೆ ಜನ ಮುಗಿಬೀಳುತ್ತಿದ್ದರು. ಬೈಪಾಸ್ ಬಂದ ಮೇಲೂ ದೋಸೆ ಅದೇ, ಚಟ್ನಿ ಅದೇ, ಹೆಂಚೂ ಅದೇ. ಯಜಮಾನರು ಮಾತ್ರ ಗಲ್ಲಾ ಬಿಟ್ಟು ಬಾಗಿಲಲ್ಲಿ ನಿಂತು ರಸ್ತೆ ನೋಡುವುದನ್ನು ಕಲಿತರು. ಅವರು ಏನು ತಪ್ಪು ಮಾಡಿದ್ದರು? ಒಂದೂ ಇಲ್ಲ.

ಪಾರ್ಕಿನಲ್ಲಿ ಕೂತು ಕೂತು ನಾನು ಕಂಡುಕೊಂಡದ್ದು ಒಂದು ವಿಷಯ. ಯಾವ ಆಟ ಆಡಬೇಕೆಂದು ಮಗು ಆರಿಸುತ್ತದೆ ಎಂದುಕೊಳ್ಳುವುದು ನಮ್ಮ ಭ್ರಮೆ. ಆರಿಸುವುದು ತಾಯಿಯ ಮೊಣಕಾಲು. ಕೋಲಾರದಿಂದಲೋ ನಂಗಲಿಯಿಂದಲೋ ಬಂದವಳು ಮೊದಲು ಮಾಡುವುದು ಚಿತ್ರಾನ್ನದ ಡಬ್ಬಿ, ನೀರಿನ ಬಾಟಲು, ಟವೆಲಿನ ಚೀಲವನ್ನು ಇಳಿಸಲು ನೆರಳು ಹುಡುಕುವುದು. ಆ ಪಾರ್ಕಿನಲ್ಲಿ ಇದ್ದದ್ದು ಒಂದೇ ನೆರಳು, ಗೇಟಿನ ಬಳಿಯ ಹೊಂಗೆ ಮರ. ಅಲ್ಲಿ ಚೀಲ ಇಳಿಸಿ ಕೂತಳೆಂದರೆ ಮುಗಿಯಿತು. "ಕಣ್ಣಿಗೆ ಕಾಣೋ ಹಂಗೆ ಆಡ್ಕೋ" ಎಂಬುದು ಅವಳ ಸಂವಿಧಾನ. ಹೊಂಗೆ ಮರದಿಂದ ಕಾಣುತ್ತಿದ್ದದ್ದು ಗಾಳಿ ತುಂಬಿದ ರಬ್ಬರಿನ ಕೋಟೆ ಮತ್ತು ಪುಟ್ಟ ರೈಲು. ಅವೆರಡರ ಮುಂದೆ ಸಾಲೋ ಸಾಲು. ಒಂದೊಂದು ಮಗು ನಮ್ಮ ಕುದುರೆಗಳನ್ನು ದೂರದಿಂದ ನೋಡಿ ಎರಡು ಹೆಜ್ಜೆ ಇಟ್ಟರೂ ಸಾಕು, ಮರದ ಕೆಳಗಿನಿಂದ "ಅಕ್ಕಡ ಒದ್ದುರಾ, ಇಟು ರಾ" ಎಂದು ತೆಲುಗಿನಲ್ಲಿ, ಅಲ್ಲಿ ಬೇಡ, ಇತ್ತ ಬಾ ಎಂಬ ಕೂಗು ಬರುತ್ತಿತ್ತು. ಮಗು ವಾಪಸು ಹೋಗುತ್ತಿತ್ತು.

ಖಾಲಿ ಕುದುರೆಯನ್ನು ಮೊದಲು ಹತ್ತುವವರೂ ಸಿಗುವುದಿಲ್ಲ. ಬೋಣಿಯಾಗದ ಅಂಗಡಿಗೆ ನುಗ್ಗಲು ದೊಡ್ಡವರೇ ಹಿಂಜರಿಯುವಾಗ ಮಕ್ಕಳು ಯಾಕೆ ಹತ್ತಬೇಕು? ಆದ್ದರಿಂದ ಒಂದು ಭಾನುವಾರ ನಾನೇ ಬೋಣಿ ಮಾಡುವುದೆಂದು ತೀರ್ಮಾನಿಸಿ, ಸೆರಗು ಸಿಕ್ಕಿಸಿಕೊಂಡು ಕೆಂಪು ಕುದುರೆಯ ಮೇಲೆ ಒಂದೇ ಪಕ್ಕಕ್ಕೆ ಕೂತೆ. ಕಂಬ ನರಳಿತು. ಸೀನ ತಳ್ಳಿದ. ಶೌಚಾಲಯದಿಂದ ಹೊರಗೆ ಬಂದ ಹುಡುಗನೊಬ್ಬ ಕೈ ಒದ್ದೆ ಮಾಡಿಕೊಂಡು ನಿಂತು ನೋಡಿ, "ಅಮ್ಮಾ, ಆ ಅವ್ವಂಗೆ ಯಾರೂ ಇಲ್ವಾ?" ಎಂದು ಕೇಳಿದ. ಅವನಮ್ಮ ಅವನ ಬಾಯಿ ಮುಚ್ಚಿ ಎಳೆದುಕೊಂಡು ಹೋದಳು. ನಾನು ಎರಡು ಸುತ್ತು ಸುತ್ತಿ ಇಳಿದೆ. ಸೀನ ನಗುತ್ತಾನೇನೋ ಎಂದುಕೊಂಡಿದ್ದೆ. ಅವನು ಕುದುರೆಯ ಕಿವಿಯ ಮೇಲಿನ ಧೂಳು ಒರೆಸುತ್ತಿದ್ದ.

ಕುದುರೆಗಳನ್ನು ಮರದ ಹತ್ತಿರ ಹಾಕಿಸಿ ಎಂದು ರಾಮಕೃಷ್ಣಪ್ಪನವರನ್ನು ಕೇಳಿದೆ. ಅದು ಈಶಾನ್ಯ ಎಂದರು. "ಈಶಾನ್ಯದಾಗೆ ಭಾರ ಇಟ್ರೆ ಮನೆ ಯಜಮಾನಂಗೆ ಆಗಲ್ಲ ಮೇಡಂ. ನೀವು ಓದ್ದೋರು, ನಿಮಗೆ ಹೇಳಬೇಕಾ?" ಎಂದರು. ಯಜಮಾನರು ಸಾಯಲಿ ಎಂದು ಕೇಳಿದಂತಾಗಿ ನಾನು ಆ ಆಸೆ ಬಿಟ್ಟೆ. ಆದರೆ ಮನೆಗೆ ಬರುವ ಬಸ್ಸಿನಲ್ಲಿ ಸೀನ ಇದ್ದಕ್ಕಿದ್ದಂತೆ, "ಕುದುರೆ ಹೋಗಬಾರದು ತಾನೆ? ನೆರಳು ಬರಬೋದಲ್ಲ" ಎಂದ. ಮರುದಿನವೇ ನಾಲ್ಕು ಗಳ ನೆಟ್ಟು, ತೆಂಗಿನ ಗರಿ ಹೊದಿಸಿ, ಕುದುರೆಗಳ ಮುಂದೆ ಚಪ್ಪರ ಹಾಕಲು ಶುರುಮಾಡಿದ. ಸುತ್ತ ಬಂಡೆಗಳಿಗೇನು ಬರವೇ, ಎರಡು ಕಲ್ಲು ಚಪ್ಪಡಿ ತಂದು ಕೂರಲು ಹಾಕಿದ. ಸೀಸಾ ಹಲಗೆಗಳ ಗುಡ್ಡೆ ಎತ್ತಿಸಿ ಅಲ್ಲೊಂದು ಮಡಕೆಯಲ್ಲಿ ನೀರಿಟ್ಟ. ನೈರುತ್ಯದಲ್ಲಿ ಭಾರ ಹೆಚ್ಚಿದ್ದಕ್ಕೆ ಯಜಮಾನರಿಗೂ ಸಂತೋಷವಾಯಿತು.

ಮೊದಲು ಒಬ್ಬ ಅಜ್ಜಿ ಬಂದು ಕೂತರು. ಕಾಲು ಚಾಚಿಕೊಂಡು, "ಆ ಮರದ ಕೆಳಗೆ ಇರುವೆ ಕಾಟ" ಎಂದರು. ಮುಂದಿನ ವಾರ ಅವರ ಹಾಗೆ ಇರುವೆ ಕಚ್ಚಿಸಿಕೊಂಡ ಇನ್ನೂ ಮೂರು ಸಂಸಾರ ಬಂತು. ಬಂದವರ ಮಕ್ಕಳು ಕುದುರೆ ಹತ್ತಿದವು, ಹತ್ತಿದವರನ್ನು ನೋಡಿ ಉಳಿದವರು ಓಡಿ ಬಂದರು. ಚಳಿಗಾಲ ಕಳೆಯುವ ಹೊತ್ತಿಗೆ ರಬ್ಬರಿನ ಕೋಟೆ ಅರ್ಧ ಖಾಲಿ. ಸೀನ ತಳ್ಳಿ ತಳ್ಳಿ ರಾತ್ರಿ ಊಟವಾದ ಕೂಡಲೇ ನಿದ್ದೆ ಹೋಗುತ್ತಿದ್ದ, ಅದೂ ಈ ಕಡೆಗೆ ತಿರುಗಿ. ಗೋಡೆಗೆ ಬೆನ್ನು ಮಾಡಿ ಮಲಗಿದ ತಮ್ಮನನ್ನು ನೋಡಿ ಖುಷಿಪಡುವ ದಿನವೂ ನನಗೆ ಬಂತು.

ಖುಷಿಯ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ, ಅದು ಹೆಚ್ಚು ದಿನ ಇರಲೂ ಇಲ್ಲ. ಭೂಗೋಳದ ಪಾಠದಲ್ಲಿ ನಾವು ಹೇಳಿಕೊಡದೆ ಬಿಡುವ ಒಂದು ಸಂಗತಿಯಿದೆ. ಕೆಟ್ಟ ಜಾಗದಲ್ಲಿ ನಿಮ್ಮನ್ನು ಯಾರೂ ಅಲ್ಲಾಡಿಸುವುದಿಲ್ಲ. ಅದನ್ನು ಒಳ್ಳೆಯ ಜಾಗ ಮಾಡಿದಿರೋ, ಅದು ನಿಮ್ಮದಲ್ಲ ಎಂಬುದು ಎಲ್ಲರಿಗೂ ನೆನಪಾಗುತ್ತದೆ. ಬೇಸಿಗೆ ರಜೆಗೆ ಮುಂಚೆ ರಾಮಕೃಷ್ಣಪ್ಪನವರ ಅಳಿಯ ಬಂದು ಚಪ್ಪರದ ಕೆಳಗೆ ನಿಂತು ಸುತ್ತ ನೋಡಿದ. ಅವನಿಗೆ ಅಲ್ಲಿ ಕರೆಂಟಿನ ಕುದುರೆ ಹಾಕಬೇಕಂತೆ, ಹಾಡು ಹೇಳುವಂಥದ್ದು, ದೀಪ ಮಿಣುಕುವಂಥದ್ದು. "ನಿಮ್ದಕ್ಕಿಂತ ಭಾರ ಜಾಸ್ತಿ, ವಾಸ್ತುಗೂ ಒಳ್ಳೇದು" ಎಂದು ಯಜಮಾನರು ನನ್ನ ಮುಖ ನೋಡದೆ ಹೇಳಿದರು. ಸೀನ ಚಪ್ಪರವನ್ನು ಅವರಿಗೇ ಬಿಟ್ಟು, ಕುದುರೆಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ನಮ್ಮ ಹಿತ್ತಲಲ್ಲಿ ಒಂದರ ಮೇಲೊಂದು ಒರಗಿಸಿ ಟಾರ್ಪಾಲು ಮುಚ್ಚಿದ. ಒಳಗೆ ಬಂದು ಮಂಚದ ಮೇಲೆ ಗೋಡೆಗೆ ತಿರುಗಿ ಮಲಗಿದ.

ಆ ಬೇಸಿಗೆಯನ್ನು ಬಿಟ್ಟುಬಿಡುತ್ತೇನೆ. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಮೊದಲ ಮಳೆ ಬಿದ್ದ ಮೇಲೆ ಒಂದು ದಿನ ನಾನು ಎದ್ದಾಗ ಮಂಚ ಖಾಲಿ. ಹಿತ್ತಲಿಗೆ ಓಡಿದೆ, ಬಾವಿ ನೋಡಿದೆ. ಎಂಥ ಯೋಚನೆ ಬಂದಿತ್ತೆಂದು ಹೇಳಬೇಕಾಗಿಲ್ಲ. ಹೊತ್ತೇರಿದ ಮೇಲೆ ಫೋನು ಬಂತು.

"ಅಕ್ಕ, ಜಾಗ ಸಿಕ್ತು. ಇಲ್ಲಿ ನೆರಳಿಲ್ಲ ಕಣಕ್ಕ. ಆದ್ರೆ ಕೂತ್ಕೊಂಡಿರೋರು ಬೇಜಾನ್ ಇದಾರೆ."

"ಎಲ್ಲೋ ಅದು?"

"ಕೋಲಾರ. ಆಸ್ಪತ್ರೆ ಎದುರ್ಗೆ ಒಂದು ಖಾಲಿ ಸೈಟೈತೆ. ಲಲಿತಾನ ಇಟ್ಟಿದ್ವಲ್ಲ, ಆ ಆಸ್ಪತ್ರೆ."

ಲಲಿತ ಒಳಗಿದ್ದಷ್ಟು ದಿನವೂ ಇವನು ಆ ಆಸ್ಪತ್ರೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಯಾರು ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಅವರ ಜೊತೆ ಬಂದ ಮಕ್ಕಳು ಏನು ಮಾಡುತ್ತವೆ ಎಂದು ನೋಡಲು ಅವನಿಗೆ ಬೇಕಾದಷ್ಟು ಪುರುಸೊತ್ತಿತ್ತು.

ಹೋದ ವಾರ ನೋಡಿಕೊಂಡು ಬರಲು ಹೋಗಿದ್ದೆ. ಇಲ್ಲಿ ಗೇಟಿಲ್ಲ, ಗೇಟಿನವನೂ ಇಲ್ಲ. ಯಾವ ಮಗುವನ್ನೂ ಪುಸಲಾಯಿಸಬೇಕಾಗಿಲ್ಲ, ಯಾರೂ ಬೋಣಿಗೆ ಕಾಯುವುದಿಲ್ಲ. ಸೀನ ಟಾರ್ಪಾಲು ತೆಗೆಯುವ ಮೊದಲೇ ಮಕ್ಕಳು ಬಂದು ನಿಂತಿರುತ್ತವೆ. ಮನೆಯಲ್ಲಿ ಬಿಟ್ಟು ಬರಲು ಯಾರೂ ಇಲ್ಲದೆ ಕರೆತಂದವು, ಒಳಗೆ ಬಿಡದೆ ಆಚೆ ಉಳಿದವು. ಕಟ್ಟೆಯ ಮೇಲೆ ಅಜ್ಜಿಯರು, ಚಿಕ್ಕಮ್ಮಂದಿರು ಸ್ಕ್ಯಾನಿಂಗ್ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಯಾರೂ ಮಗುವಿನ ಫೋಟೋ ತೆಗೆಯುವುದಿಲ್ಲ. ನೀಲಿ ಕುದುರೆಯ ಮೇಲೆ ಒಂದು ಹುಡುಗಿ ಕೂತಿತ್ತು. ಸರದಿ ಮುಗಿದರೂ ಇಳಿಯಲಿಲ್ಲ. ಕುದುರೆ ಆಸ್ಪತ್ರೆಯ ಬಾಗಿಲಿನ ಕಡೆ ಬಂದಾಗಲೆಲ್ಲ ಕತ್ತು ಚಾಚಿ ನೋಡುತ್ತಿತ್ತು. ಸೀನ ಅದನ್ನು ಇಳಿಸಲಿಲ್ಲ. ಮತ್ತೆ ತಳ್ಳಿದ, ಮತ್ತೆ ತಳ್ಳಿದ.

"ಅವರಮ್ಮ ಆಚೆ ಬರೋಗಂಟ ತಿರುಗ್ಲಿ ಬಿಡಕ್ಕ" ಎಂದ. ಅವನ ಬೆನ್ನೆಲ್ಲ ಬೆವರಿತ್ತು. ಮುಖದಲ್ಲಿ, ಲಲಿತ ಹೋದ ಮೇಲೆ ನಾನು ಕಾಣದಿದ್ದ ಒಂದು ನೆಮ್ಮದಿಯಿತ್ತು.

ನಮ್ಮ ಇಡೀ ಜಿಲ್ಲೆಯಲ್ಲಿ ಇಷ್ಟು ಓಡುವ ಆಟ ಇನ್ನೊಂದಿರಲಾರದು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಆ ಆಸ್ಪತ್ರೆಗೆ ಯಾರೂ ಬಾರದಿರಲಿ, ಆ ಕುದುರೆಗಳು ಖಾಲಿ ನಿಲ್ಲಲಿ ಎಂದು ದೇವರನ್ನು ಬೇಡಿಕೊಳ್ಳಲು ಶುರುಮಾಡಿದೆ. ಆಮೇಲೆ ತಮ್ಮನ ಮಂಚ ಕಣ್ಣ ಮುಂದೆ ಬಂದು, ಅರ್ಧಕ್ಕೇ ನಿಲ್ಲಿಸಿದೆ.