ಅಣ್ಣ ಸರಿ ಮಾಡಿದ ಅಂಕಿ

ಅಣ್ಣನ ಮೇಲೆ ನನಗಿರುವ ಸಿಟ್ಟು ಹಳೆಯದು, ಅದನ್ನು ಮುಚ್ಚಿಡುವ ಉಸಾಬರಿ ನನಗೆ ಬೇಡ. ಅವ್ವ ಹಾಸಿಗೆ ಹಿಡಿದ ಎಂಟು ತಿಂಗಳಲ್ಲಿ ಅವನು ಹುಬ್ಬಳ್ಳಿಯಿಂದ ನಮ್ಮೂರು ಕುಬಿಹಾಳಕ್ಕೆ ಬಂದದ್ದು ಎರಡು ಸಲ. ಎರಡೂ ಸಲ ಚಪ್ಪಲಿ ಬಿಡುವ ಮೊದಲೇ ವಾಪಸ್ ಬಸ್ಸಿನ ಹೊತ್ತು ಕೇಳಿದ್ದ.

ನಾನು ಈಗಲೂ ಕಪ್ಪು-ಬಿಳುಪು ರೀಲಿನ ಕ್ಯಾಮರಾ ಹಿಡಿಯುವವನು. ಅವ್ವ ಮಲಗುತ್ತಿದ್ದ ಕೋಣೆಗೆ ಬೆಳಕಿಂಡಿಯೊಂದೇ ಗತಿ; ನಾನೂರರ ರೀಲಿಗೆ ಆ ಬೆಳಕು ಸಾಲದು. ಅದಕ್ಕೇ ಕ್ಯಾಮರಾದ ಮೇಲೆ ರೀಲಿನ ಚುರುಕು ತೋರಿಸುವ ಅಂಕಿಯನ್ನು ನಾನೂರರಿಂದ ಸಾವಿರದ ಆರುನೂರಕ್ಕೆ ತಿರುಗಿಸಿ, ರೀಲು ಅಷ್ಟು ಚುರುಕಿನದೆಂದು ಕ್ಯಾಮರಾಕ್ಕೆ ಸುಳ್ಳು ಹೇಳಿ ತೆಗೆದೆ. ಆ ಸುಳ್ಳನ್ನು ರೀಲು ತೊಳೆಯುವಾಗ ನಿಜ ಮಾಡಬೇಕು, ಅಂದರೆ ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಲ್ಲಿ ಹೆಚ್ಚು ಹೊತ್ತು ಇಡಬೇಕು. ಇದಕ್ಕೆ ಪುಶ್ ಮಾಡುವುದು ಎನ್ನುತ್ತೇವೆ. ಹತ್ತೊಂಬತ್ತು ಫೋಟೋ ತೆಗೆದಿದ್ದೆ. ಒಂದರಲ್ಲಿ ಅವ್ವ, "ಸಾಕ ಬಿಡಲೇ, ಈ ಮಾರಿ ಏನ್ ಚಂದ ಐತಿ ಅಂತ ತಗೀತಿ" ಎಂದು ಬೈಯುತ್ತ ನಕ್ಕಿದ್ದಳು. ಮರುವಾರ ತೀರಿಕೊಂಡಳು.

ನಮ್ಮಲ್ಲಿ ತೀರಿದವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವೇರಿಸಿ, ಮನೆಯವರು ಅಕ್ಕಪಕ್ಕ ಕೂತು ಫೋಟೋ ತೆಗೆಸಿಕೊಳ್ಳುವುದು ರೂಢಿ. ನಾನು ಹೊಲದಲ್ಲಿ ಕುಣಿ ತೋಡಿಸಲು ಹೋಗಿದ್ದೆ. ಅಷ್ಟರಲ್ಲಿ ಅಣ್ಣ ಯಜಮಾನನಾದ. "ಯಾರೂ ಮೊಬೈಲ್ ಹೊರಗ ತಗೀಬ್ಯಾಡ್ರಿ, ಅವ್ವನ್ನ ಸ್ಟೇಟಸ್‌ಗೆ ಹಾಕ್ತೀರಿ" ಎಂದು ಎಲ್ಲರನ್ನೂ ಗದರಿಸಿ, ಗೂಟದಲ್ಲಿದ್ದ ನನ್ನ ಕ್ಯಾಮರಾವನ್ನು ನೆರೆಮನೆಯವನ ಕೈಗೆ ಕೊಟ್ಟು, ಅಂಗಳದ ಬಿಸಿಲಿನಲ್ಲಿ ಉಳಿದ ರೀಲನ್ನೆಲ್ಲ ಮುಗಿಸಿದ್ದ.

ನಾನು ಬಂದಾಗ, "ಅಂಕಿ ತಪ್ಪ ಇಟ್ಟಿದ್ದಿ, ನಾನೂರಕ್ಕ ಸರಿ ಮಾಡೀನಿ. ನಂದೂ ಅವ್ವಂದೂ ದೊಡ್ಡದು ಮಾಡಿಸಿ ಕೊಡು" ಎಂದ.

ಮೈಯೆಲ್ಲ ಉರಿಯಿತು. ಅವನ ಶ್ಯಾಣ್ಯಾತನದಿಂದ ಒಂದೇ ರೀಲಿಗೆ ಎರಡು ಹದ ಬಿದ್ದಿತ್ತು. ಹೆಚ್ಚು ಹೊತ್ತು ತೊಳೆದರೆ ಬದುಕಿದ್ದ ಅವ್ವ ಬರುತ್ತಾಳೆ, ಅಂಗಳದ ಫೋಟೋಗಳು ಬೆಳ್ಳಗೆ ಸುಟ್ಟುಹೋಗುತ್ತವೆ. ಮಾಮೂಲಿ ಹೊತ್ತಿಗೆ ತೊಳೆದರೆ ಅಣ್ಣ ಬರುತ್ತಾನೆ, ನಗುವ ಅವ್ವ ಕತ್ತಲೆಯಲ್ಲಿ ಹೋಗುತ್ತಾಳೆ.

ಹೆಚ್ಚು ಹೊತ್ತೇ ತೊಳೆದೆ. ಅವ್ವ ಬಂದಳು, ಸ್ವಲ್ಪ ರವೆರವೆಯಾಗಿ, ಹಲ್ಲಿಲ್ಲದ ಬಾಯಿ ತೆರೆದು. ಅಂಗಳದವರ ಮುಖಗಳಲ್ಲಿ ಕಣ್ಣು ಮೂಗು ಉಳಿದಿರಲಿಲ್ಲ. ಅಂಗಳದ್ದೊಂದು ಫೋಟೋ ಅಚ್ಚು ಹಾಕಿ ಅಣ್ಣನ ಮುಂದೆ ಹಿಡಿದು, "ನೀ ಅಂಕಿ ತಿರುವಿದ್ದಕ್ಕ ಹಿಂಗಾತು, ನಾ ಏನ್ ಮಾಡ್ಲಿ?" ಎಂದೆ. ಅವನು ಫೋಟೋ ಕೆಳಗಿಟ್ಟು ಹೊರಗೆ ಹೋದ. ಮಾಡಿದ್ದುಣ್ಣೋ ಮಹಾರಾಯ ಅಂದುಕೊಂಡೆ. ಸಂತೋಷವೇ ಆಯಿತು, ಸುಳ್ಳೇಕೆ ಹೇಳಲಿ.

ಅವನಿಗೆ ಹೇಳದ ಮಾತೊಂದಿತ್ತು. ಕತ್ತಲೆಯಲ್ಲಿ ರೀಲನ್ನು ಅಳೆದು ಕತ್ತರಿಸಿ, ಎರಡು ತುಂಡುಗಳನ್ನು ಬೇರೆ ಬೇರೆ ಹೊತ್ತು ತೊಳೆಯಬಹುದಿತ್ತು. ಬಹಳವೆಂದರೆ ನಡುವಿನ ಒಂದೆರಡು ಫೋಟೋ ಹೋಗುತ್ತಿದ್ದವು. ಮುಂಚೆ ಎರಡು ಸಲ ಹಾಗೆ ಮಾಡಿದ್ದೇನೆ. ಕತ್ತರಿ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಅವನಿಗೆ ಯಾಕೆ ಮಾಡಲಿ ಎಂದು ಮುಟ್ಟಲಿಲ್ಲ.

ಅವನು ಇಟ್ಟುಹೋದ ಫೋಟೋವನ್ನು ಅಕ್ಕ ಎತ್ತಿಕೊಂಡಳು. ಮಕ್ಕಳಿಲ್ಲದ ಚಿಕ್ಕವ್ವ ಸಾಕಲೆಂದು ಹುಟ್ಟಿದ ವರ್ಷವೇ ತಂಬೂರು ಎಂಬ ಊರಿಗೆ ಅವ್ವ ಕೊಟ್ಟಿದ್ದ ಅಕ್ಕ ಅವಳು. ಅವ್ವನ ಜೊತೆ ಅವಳದ್ದು ಅಲ್ಲಿಯವರೆಗೆ ಒಂದು ಫೋಟೋ ಕೂಡ ಇರಲಿಲ್ಲ. ಅಂಗಳದಲ್ಲಿ ಅವ್ವನಿಗೆ ಒತ್ತಿ ಕೂತಿದ್ದಳಂತೆ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ತಮ್ಮಾ, ಅವ್ವನ ತೊಡಿ ಮ್ಯಾಲ ಕೈ ಇಟ್ಟಾಕಿ ನಾನ ಅಲ್ಲೇನು?" ಎಂದಳು.

ಸೀರೆಯ ಅಂಚು ನೋಡಿ ಹೌದೆಂದೆ.